ಗಾಳಿಯ ತೇವವೂ ಗಣಕದ ಲೆಕ್ಕವೂ

ಗಾಳಿಯಲ್ಲಿ ನೀರಿನ ಅಂಶವಿದೆಯೆಂಬುದನ್ನು ಎಲ್ಲರೂ ಬಲ್ಲರು. ಆದರೆ ಎಷ್ಟಿದೆಯೆಂದು ಹೇಳುವುದು ಸುಲಭವಲ್ಲ. ಅದನ್ನು ಹೇಳುವ ರೀತಿಗಳೇ ಹಲವು: ನಿರಪೇಕ್ಷ ಆರ್ದ್ರತೆ, ಸಾಪೇಕ್ಷ ಆರ್ದ್ರತೆ, ಇಬ್ಬನಿ ಬಿಂದು. ಒಂದು ರೀತಿಯ ಅಳತೆಯನ್ನು ಇನ್ನೊಂದಕ್ಕೆ ಪರಿವರ್ತಿಸಿಕೊಡುವ ತಂತ್ರಾಂಶಗಳು ಈಗ ಮೊಬೈಲಿನಲ್ಲಿಯೇ ದೊರೆಯುತ್ತವೆ. ಭೂಗೋಳವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಈ ಪದಗಳು ಪರಿಚಯವಾದದ್ದು ತರಗತಿಯಲ್ಲಿ. ಅವುಗಳ ಬೆಲೆ ತಿಳಿದದ್ದು ನಮ್ಮ ಮನೆಯ ರೇಷ್ಮೆಹುಳುಗಳಿಂದ.

ಮೊದಲು ಪದಗಳ ಅರ್ಥವನ್ನು ನೋಡೋಣ. ಒಂದು ಘನಮೀಟರ್ ಗಾಳಿಯಲ್ಲಿ ಎಷ್ಟು ಗ್ರಾಂ ನೀರಾವಿ ಇದೆಯೆಂಬುದು ನಿರಪೇಕ್ಷ ಆರ್ದ್ರತೆ. ಆಗಿನ ಉಷ್ಣತೆಯಲ್ಲಿ ಇರಬಹುದಾದ ಗರಿಷ್ಠ ಆವಿಯಲ್ಲಿ ನೂರಕ್ಕೆ ಎಷ್ಟು ಪಾಲು ಇದೆಯೆಂಬುದು ಸಾಪೇಕ್ಷ ಆರ್ದ್ರತೆ. ಗಾಳಿಯನ್ನು ತಣಿಸುತ್ತ ಹೋದರೆ ಯಾವ ಉಷ್ಣತೆಯಲ್ಲಿ ಆವಿಯು ಹನಿಗಟ್ಟತೊಡಗುವುದೋ ಅದೇ ಇಬ್ಬನಿ ಬಿಂದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ 'ಗರಿಷ್ಠ' ಎಂಬುದು ಉಷ್ಣತೆಯೊಡನೆ ಏರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಘನಮೀಟರಿಗೆ ಸುಮಾರು 17 ಗ್ರಾಂ. 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ. ಸೇರು ತುಂಬಿದೆಯೆಂದು ಅದರಲ್ಲಿರುವ ರಾಗಿ ಅರ್ಧ ಕೊಳಗದ ರಾಗಿಗಿಂತ ಹೆಚ್ಚೆಂದು ಯಾರೂ ಹೇಳುವುದಿಲ್ಲ. ಗಾಳಿಯ ವಿಷಯದಲ್ಲಿ ಮಾತ್ರ ನಾವು ಹಾಗೆಯೇ ಹೇಳಿಬಿಡುತ್ತೇವೆ!

ರೇಷ್ಮೆ ಬೆಳೆಯುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಚಾಕಿ ಹುಳುಗಳಿಗೆ ನೂರಕ್ಕೆ 85ರಿಂದ 90ರಷ್ಟು ತೇವ ಬೇಕು. ನಾಲ್ಕನೆಯ ಜ್ವರದಿಂದೆದ್ದ ದೊಡ್ಡ ಹುಳುಗಳಿಗೆ ನೂರಕ್ಕೆ 70ರ ಸುಮಾರಿದ್ದರೆ ಸಾಕು. ಅದಕ್ಕಿಂತ ಹೆಚ್ಚಾಗಿ ಹಾಸಿಗೆ ಒದ್ದೆಯಾದರೆ ಸುಣ್ಣಕಟ್ಟು ಮುಂತಾದ ರೋಗಗಳಿಗೆ ದಾರಿಯಾಗುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾನು ಕಟ್ಟಿದ ಶುಲ್ಕವೆಲ್ಲ ಗೂಡು ಮಾರಿದ ಹಣ.

ಮಳೆಗಾಲದ ಒಂದು ರಾತ್ರಿ ಹುಳುಮನೆಯೊಳಗೆ 25 ಡಿಗ್ರಿ ಉಷ್ಣತೆ, ನೂರಕ್ಕೆ 85 ತೇವ. ಹೊರಗೆ 20 ಡಿಗ್ರಿ, ನೂರಕ್ಕೆ 95 ತೇವ. ತಾಯಿ ಮೇಲಿನ ಕಿಟಕಿ ತೆಗೆಯಲು ಹೊರಟರು. "ಹೊರಗೆ ತೊಂಬತ್ತೈದು ತೋರಿಸ್ತೈತೆ, ಇನ್ನಷ್ಟು ತ್ಯಾವ ಒಳಕ್ಕೆ ಬರಾಕಿಲ್ವಾ?" ಎಂದರು ತಂದೆ. "ಸೊಪ್ಪಿನ ಉಸಿರು ಆಚೆ ಹೋಗ್ಲಿ" ಎಂಬುದು ತಾಯಿಯ ಉತ್ತರ. ನಾನು ಎರಡು ಅಳತೆಗಳನ್ನೂ ತಂತ್ರಾಂಶಕ್ಕೆ ಕೊಟ್ಟೆನು. ಒಳಗಿನ ಗಾಳಿಯಲ್ಲಿ ಘನಮೀಟರಿಗೆ 19.5 ಗ್ರಾಂ ಆವಿ, ಇಬ್ಬನಿ ಬಿಂದು 22.3 ಡಿಗ್ರಿ, ಹೊರಗಿನದರಲ್ಲಿ 16.4 ಗ್ರಾಂ, ಇಬ್ಬನಿ ಬಿಂದು 19.2 ಡಿಗ್ರಿ. ಅಂದರೆ ನೂರಕ್ಕೆ 95 ಎನ್ನಿಸಿಕೊಂಡ ಗಾಳಿಯಲ್ಲಿಯೇ ನೀರು ಕಡಿಮೆ! ಆ ಗಾಳಿ ಒಳಬಂದು 25 ಡಿಗ್ರಿಗೆ ಬೆಚ್ಚಗಾದರೆ ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ 70. ಕೊಠಡಿಯ ಕಾವನ್ನು ಉಳಿಸಿಕೊಳ್ಳಬೇಕೆಂಬುದು ಮಾತ್ರ ಕರಾರು. ಕೊಠಡಿಯೂ 20 ಡಿಗ್ರಿಗೆ ತಣಿದರೆ ಈ ಲಾಭವಿಲ್ಲ. ಅಕ್ಷರ ಕಲಿಯದ ತಾಯಿಯ ಕೈಗೆ ತಿಳಿದಿದ್ದುದನ್ನು ಲೆಕ್ಕವು ತಂದೆಯವರಿಗೂ ತಿಳಿಯುವಂತೆ ಹೇಳಿತು. ಕಿಟಕಿ ತೆರೆಯಿತು; ಕಾವಿಗೆ ಕೆಂಡದ ಒಲೆಯನ್ನು ತಂದಿಟ್ಟವರು ತಂದೆಯೇ.

ಇಂತಹ ಗಣಕದೊಳಗೆ ಅಡಗಿರುವುದು ಮಂತ್ರವಲ್ಲ, ಸೂತ್ರ. ಜರ್ಮನಿಯ ವಿಜ್ಞಾನಿ ಗುಸ್ಟಾವ್ ಮ್ಯಾಗ್ನಸ್ 1844ರಲ್ಲಿ ಉಷ್ಣತೆಗೂ ನೀರಾವಿಯ ಒತ್ತಡಕ್ಕೂ ಇರುವ ಸಂಬಂಧದ ಸೂತ್ರವನ್ನು ಪ್ರಕಟಿಸಿದನು. ಅದರ ತಿದ್ದಿದ ರೂಪಗಳು ಇಂದಿಗೂ ಬಳಕೆಯಲ್ಲಿವೆ. ಕಾಗದದ ಮೇಲೆ ಮಾಡಿದರೂ ಉತ್ತರ ಬರುತ್ತದೆ. ಗಣಕವು ಹೊತ್ತನ್ನು ಉಳಿಸುತ್ತದೆ, ಅಷ್ಟೆ.

ಆದರೆ ಬಳಸುವವನು ಎಚ್ಚರದಿಂದಿರಬೇಕು. ಉಷ್ಣತಾಮಾಪಕವೂ ಆರ್ದ್ರತಾಮಾಪಕವೂ ಒಂದೇ ಜಾಗದಲ್ಲಿರಬೇಕು. ಉಷ್ಣತೆ ಒಂದು ಡಿಗ್ರಿ ತಪ್ಪಿದರೆ ಆವಿಯ ಲೆಕ್ಕ ನೂರಕ್ಕೆ ಸುಮಾರು ಆರರಷ್ಟು ತಪ್ಪುತ್ತದೆ. ಒಂದು ಕಿಲೋಗ್ರಾಂ ಒಣಗಾಳಿಗೆ ಎಷ್ಟು ಗ್ರಾಂ ಆವಿಯೆಂಬ ಅಳತೆ ಬೇಕಾದಲ್ಲಿ ವಾಯುಭಾರವನ್ನೂ ತಿಳಿಸಬೇಕು. ಅನೇಕ ತಂತ್ರಾಂಶಗಳು ಸಮುದ್ರಮಟ್ಟದ 1013 ಮಿಲಿಬಾರನ್ನು ತಾವಾಗಿಯೇ ಹಿಡಿಯುತ್ತವೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಂತಹ ಸ್ಥಳದಲ್ಲಿ ಅದು 910ರ ಆಸುಪಾಸು. ಮೇಲೆ ಹೇಳಿದ ಹುಳುಮನೆಯ ಗಾಳಿಗೆ ಮೊದಲನೆಯ ಲೆಕ್ಕದಿಂದ 17 ಗ್ರಾಂ ಬರುತ್ತದೆ, ಎರಡನೆಯದರಿಂದ 19.

ಕಲಾ ವಿಭಾಗದವರಿಗೆ ಈ ಲೆಕ್ಕವೇಕೆಂದು ಕೆಲವು ಮಿತ್ರರು ಕೇಳಬಹುದು. ನಮ್ಮಲ್ಲಿ ಬಹುಮಂದಿ ಹೊಲದಿಂದ, ಹುಳುಮನೆಯಿಂದ, ಕಣದಿಂದ ಬಂದವರು. ಧಾನ್ಯದ ಉಗ್ರಾಣವಾಗಲಿ, ಮಗ್ಗದ ಮನೆಯಾಗಲಿ, ಗಾಳಿಯ ತೇವದ ಪ್ರಶ್ನೆ ಅಲ್ಲೆಲ್ಲ ಇದೆ. ಎರಡು ಕಡೆಯ ಶೇಕಡಾ ಅಂಕಿಗಳನ್ನು ಹೋಲಿಸುವ ಮೊದಲು ಅವನ್ನು ಗ್ರಾಮಿಗೋ ಇಬ್ಬನಿ ಬಿಂದುವಿಗೋ ಪರಿವರ್ತಿಸಿ ನೋಡಿರಿ. ಬಳಿಕ ಕಿಟಕಿಯ ವಿಚಾರವನ್ನು ತೀರ್ಮಾನಿಸಿರಿ.