‘ಬಾಕ್ಸ್ ಬದಲಿಸಬೇಕು’ ಅಂದರೆ ಯಾವ ಬಾಕ್ಸ್? ದುಡ್ಡು ಕೊಡುವ ಮೊದಲು ತಿಳಿದಿರಲಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಅನೇಕ ಮನೆಗಳಲ್ಲಿ ಮಳೆಗಾಲದ ಕಥೆ ಒಂದೇ. ರಾತ್ರಿ ಜೋರು ಮಳೆ, ಮನೆಯ ಕರೆಂಟ್ ಹೋಗುತ್ತದೆ. ಪಕ್ಕದ ಮನೆಯಲ್ಲಿ ಮಾತ್ರ ಲೈಟ್ ಉರಿಯುತ್ತಿರುತ್ತದೆ. ಬೆಳಿಗ್ಗೆ ಬಂದ ಇಲೆಕ್ಟ್ರಿಶಿಯನ್ ‘ಬಾಕ್ಸ್ ಪೂರಾ ಬದಲಿಸಬೇಕು’ ಅನ್ನುತ್ತಾನೆ. ಉಮ್ಮ ಗಲ್ಫ್‌ನಲ್ಲಿರುವ ಮಗನಿಗೆ ವಾಯ್ಸ್ ಮೆಸೇಜ್ ಹಾಕುತ್ತಾರೆ, ಮಗ ದುಡ್ಡು ಕಳಿಸುತ್ತಾನೆ. ಯಾವ ಬಾಕ್ಸ್, ಯಾಕೆ ಎಂದು ಕೇಳುವವರೇ ಇಲ್ಲ.

ಮನೆಯಲ್ಲಿ ಬಾಕ್ಸ್ ಎರಡು. ಒಂದು ಹೊರಗೆ ಗೋಡೆಯಲ್ಲಿರುವ ಮೀಟರ್ ಬಾಕ್ಸ್. ಇನ್ನೊಂದು ಒಳಗಿರುವ ಡಿಬಿ, ಅಂದರೆ ಡಿಸ್ಟ್ರಿಬ್ಯೂಶನ್ ಬೋರ್ಡ್.

ಮೀಟರ್ ಯಾರದ್ದು?

ಕರೆಂಟ್ ಬಿಲ್‌ನಲ್ಲಿ ‘ಮೀಟರ್ ಬಾಡಿಗೆ’ ಎಂಬ ಸಾಲು ಇದ್ದರೆ ಆ ಮೀಟರ್ ಕೆಎಸ್‌ಇಬಿಯದ್ದು. ಅದು ತಾನಾಗಿ ಹಾಳಾದರೆ ಬದಲಿಸಿ ಕೊಡುವುದು ಕೆಎಸ್‌ಇಬಿಯ ಕೆಲಸ. ಮನೆಯವರ ತಪ್ಪಿನಿಂದ ಸುಟ್ಟಿದ್ದರೆ ಮಾತ್ರ ಖರ್ಚು ಮನೆಯವರ ಮೇಲೆ ಬರುತ್ತದೆ. ಅದನ್ನೂ ಸೆಕ್ಷನ್ ಆಫೀಸಿನಲ್ಲಿ ಕಟ್ಟಿ ರಶೀದಿ ಪಡೆಯಬೇಕು, ಯಾರ ಕೈಗೂ ಕೊಡಬಾರದು.

ಮೀಟರ್ ಸುತ್ತಲಿನ ಪೆಟ್ಟಿಗೆ ತುಕ್ಕು ಹಿಡಿದಿದ್ದರೆ ಹೊಸತು ಹಾಕಿಸಬಹುದು. ಆದರೆ ಮೀಟರ್ ಬಿಚ್ಚುವುದು, ಸೀಲ್ ಮುಟ್ಟುವುದು ಖಾಸಗಿ ಇಲೆಕ್ಟ್ರಿಶಿಯನ್ ಕೆಲಸವಲ್ಲ. ಮೊದಲು ಸೆಕ್ಷನ್ ಆಫೀಸಿಗೆ ತಿಳಿಸಬೇಕು. ಮೀಟರ್ ಟ್ಯಾಂಪರ್ ಮಾಡುವುದು 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ವಿದ್ಯುತ್ ಕಳವಿನ ಸಾಲಿಗೆ ಸೇರುತ್ತದೆ.

ಡಿಬಿ ಒಳಗೆ ಏನಿದೆ?

ಮೀಟರ್‌ನಿಂದ ಈಚೆಗಿನ ವಯರಿಂಗ್, ಡಿಬಿ ಎಲ್ಲ ಮನೆಯವರದ್ದು. ಡಿಬಿಯಲ್ಲಿ ಮುಖ್ಯವಾಗಿ ಮೂರು ಸಾಮಾನುಗಳಿವೆ. ಮೈನ್ ಸ್ವಿಚ್‌ನಂತೆ ಕೆಲಸ ಮಾಡುವ ಐಸೊಲೇಟರ್, ಸಾಲಾಗಿ ಕೂತ ಎಂಸಿಬಿಗಳು, ಮತ್ತು ಊರಿನಲ್ಲಿ ಎಲ್ಲರೂ ‘ಇಎಲ್‌ಸಿಬಿ’ ಎನ್ನುವ ಆರ್‌ಸಿಸಿಬಿ.

ಎಂಸಿಬಿ ಕಾಯುವುದು ವಯರನ್ನು, ಮನುಷ್ಯನನ್ನಲ್ಲ. ಲೋಡ್ ಜಾಸ್ತಿಯಾದರೆ ಅಥವಾ ಶಾರ್ಟ್ ಆದರೆ ಅದು ಬೀಳುತ್ತದೆ. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಕರೆಂಟ್ ಸಾಕು. ಅಷ್ಟಕ್ಕೆ 6 ಆಂಪಿಯರ್ ಎಂಸಿಬಿ ಅಲುಗಾಡುವುದೂ ಇಲ್ಲ. ಆರ್‌ಸಿಸಿಬಿ ಹೋಗುವ ಕರೆಂಟ್, ವಾಪಸ್ ಬರುವ ಕರೆಂಟ್ ಎರಡನ್ನೂ ಹೋಲಿಸುತ್ತದೆ. 30 ಮಿಲಿ ಆಂಪಿಯರ್ ಸೋರಿದರೂ ಕಣ್ಣು ಮುಚ್ಚುವುದರೊಳಗೆ ಲೈನ್ ಕಡಿಯುತ್ತದೆ.

ಮಳೆಗಾಲದಲ್ಲಿ ಇದು ಪದೇ ಪದೇ ಬೀಳುತ್ತದೆ ಎಂದು ಕೆಲವರು ಬೈಪಾಸ್ ಮಾಡಿಸುತ್ತಾರೆ. ಇದರಷ್ಟು ದೊಡ್ಡ ತಪ್ಪು ಬೇರೆ ಇಲ್ಲ. ಅದು ಬೀಳುತ್ತಿದೆ ಅಂದರೆ ಎಲ್ಲೋ ಕರೆಂಟ್ ಸೋರುತ್ತಿದೆ ಎಂದೇ ಅರ್ಥ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಹಾಕಿ ನೋಡಿ. ಯಾವುದನ್ನು ಹಾಕಿದಾಗ ಬೀಳುತ್ತದೋ ತೊಂದರೆ ಆ ಲೈನಿನಲ್ಲಿದೆ. ಹೆಚ್ಚಿನ ಸಲ ಅದು ಅಂಗಳದ ಲೈಟ್, ಬಾವಿ ಪಂಪ್ ಅಥವಾ ಗೀಸರ್. ಎಲ್ಲ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ನಿಲ್ಲದಿದ್ದರೆ ವಯರ್‌ಮ್ಯಾನ್ ಬರಲೇಬೇಕು.

ಎಸಿ ಹಾಕಿದಾಗ ಎಂಸಿಬಿ ಬೀಳುತ್ತದೆ ಎಂದು 16ರ ಜಾಗಕ್ಕೆ 32 ಹಾಕಿಸುವುದೂ ಅಪಾಯ. ವಯರ್ ಹಳೆಯದೇ ಇರುತ್ತದೆ, ಎಂಸಿಬಿ ಬೀಳುವ ಮೊದಲು ಗೋಡೆಯೊಳಗಿನ ವಯರ್ ಸುಡುತ್ತದೆ. ಎಸಿಗೆ ಬೇರೆಯೇ ಲೈನ್ ಎಳೆಯಬೇಕು.

ಖರ್ಚು ಎಷ್ಟು?

ಸಿಂಗಲ್ ಫೇಸ್ ಮನೆಗೆ, ಐಎಸ್‌ಐ ಮಾರ್ಕ್ ಇರುವ ಸಾಮಾನಿನ ಅಂದಾಜು ಹೀಗಿದೆ:

• 8 ವೇ ಡಿಬಿ ಪೆಟ್ಟಿಗೆ: 1,000ದಿಂದ 2,000 ರೂ.
• ಆರ್‌ಸಿಸಿಬಿ (30 ಮಿಲಿ ಆಂಪಿಯರ್): 1,500ರಿಂದ 2,500 ರೂ.
• ಐಸೊಲೇಟರ್: 300ರಿಂದ 500 ರೂ.
• ಎಂಸಿಬಿ: ಒಂದಕ್ಕೆ 150ರಿಂದ 300 ರೂ.

ಆರು ಎಂಸಿಬಿ ಸೇರಿ ಸಾಮಾನಿಗೆ ಸುಮಾರು 3,700ರಿಂದ 6,800 ರೂ. ಆಗುತ್ತದೆ. ಕಂಪೆನಿ, ಅಂಗಡಿ ನೋಡಿ ರೇಟ್ ಬದಲಾಗುತ್ತದೆ. ಮಜೂರಿ, ವಯರ್, ಅರ್ತಿಂಗ್ ಬೇರೆ. ಹಾಗಾಗಿ ಒಟ್ಟು ಮೊತ್ತ ಒಪ್ಪಿಕೊಳ್ಳುವ ಮೊದಲು ಸಾಮಾನಿನ ಪಟ್ಟಿ, ಮಜೂರಿ ಬೇರೆ ಬೇರೆ ಬರೆಸಿಕೊಳ್ಳಿ. ಅಂಗಡಿಯ ಜಿಎಸ್‌ಟಿ ಬಿಲ್ ಕೇಳಿ, ವಾರಂಟಿಗೆ ಅದೇ ಆಧಾರ. ಎಷ್ಟೋ ಸಲ ಒಂದು ಎಂಸಿಬಿ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಪೂರಾ ಬಾಕ್ಸ್ ಬೇಕಾಗಿಯೇ ಇರುವುದಿಲ್ಲ.

ಕೆಲಸಕ್ಕೆ ಪರ್ಮಿಟ್ ಇರುವ ವಯರ್‌ಮ್ಯಾನನ್ನೇ ಕರೆಯಿರಿ. ಮೀಟರ್ ಮತ್ತು ಲೈನಿನ ದೂರಿಗೆ 1912 ನಂಬರ್ ಇದೆ. ತಲಪಾಡಿ ದಾಟಿ ಮೆಸ್ಕಾಂ ವ್ಯಾಪ್ತಿಗೆ ಹೋದರೂ ನಂಬರ್ ಅದೇ.

ಇವತ್ತೇ ಮಾಡಬಹುದಾದ ಖರ್ಚಿಲ್ಲದ ಕೆಲಸ ಒಂದಿದೆ. ಆರ್‌ಸಿಸಿಬಿ ಮೇಲೆ ‘ಟಿ’ ಎಂಬ ಸಣ್ಣ ಬಟನ್ ಇರುತ್ತದೆ. ಒತ್ತಿದರೆ ಕರೆಂಟ್ ಹೋಗಬೇಕು. ಹೋಗದಿದ್ದರೆ ಕೂಡಲೇ ಬದಲಿಸಿ. ರಜೆಯಲ್ಲಿ ಊರಿಗೆ ಬಂದ ಯುವಕರು ತಮ್ಮ ಮನೆಯಲ್ಲಿ ಮಾತ್ರವಲ್ಲ, ವಯಸ್ಸಾದವರಷ್ಟೇ ಇರುವ ನೆರೆಮನೆಯಲ್ಲೂ, ಮಸೀದಿಯಲ್ಲಿ ವುಝೂ ಮಾಡುವ ಜಾಗದ ಪಂಪ್ ಲೈನಿನಲ್ಲೂ ಒಮ್ಮೆ ಒತ್ತಿ ನೋಡಲಿ.