ಇಪ್ಪತ್ತನಾಲ್ಕು ಸಾಕೇ?

"ರಿಪೋರ್ಟಲ್ಲಿ ನಾರ್ಮಲ್ ಅಂತಿದೆಯಲ್ಲ ಡಾಕ್ಟ್ರೇ, ಮತ್ತೆ ಟಾನಿಕ್ ಯಾಕೆ?" ನ್ಯುಮೋನಿಯಾದಿಂದ ಏದುಸಿರು ಬಿಡುತ್ತಿದ್ದ ಮೂರು ವರ್ಷದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ ಕೇಳಿದರು. ಫೆರಿಟಿನ್ 24. ನಾನು ಮಗುವಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ತೋರಿಸಿದೆ. ಒಳಗೆಲ್ಲ ಬಿಳಿಚಿತ್ತು.

ಫೆರಿಟಿನ್ ಮೈಯೊಳಗಿನ ಕಬ್ಬಿಣದ ಕಣಜ. ಸೋಂಕು ತಗುಲಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸಿ ಕಣಜದ ಬಾಗಿಲು ಜಡಿಯುತ್ತದೆ, ರೋಗಾಣುಗಳಿಗೆ ಕಬ್ಬಿಣ ದಕ್ಕದಿರಲೆಂದು. ಪಾಪ, ರಕ್ತ ತಯಾರಿಸುವ ಮಜ್ಜೆಗೂ ಆಗ ಅದು ಸಿಗದು. ಜೊತೆಗೆ, ಉರಿಯೂತದಿಂದಲೇ ಫೆರಿಟಿನ್ ಏರಿಬಿಡುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಆರೋಗ್ಯವಂತ ಮಕ್ಕಳಲ್ಲಿ ಲೀಟರಿಗೆ 12 ಮೈಕ್ರೋಗ್ರಾಂ ಇರುವ ಕೊರತೆಯ ಗೆರೆಯನ್ನು ಸೋಂಕಿದ್ದಾಗ 30ಕ್ಕೆ ಏರಿಸಿದೆ. ರಕ್ತದಲ್ಲಿ ಉರಿಯೂತದ ಸುಳಿವು ಕೊಡುವ ಸಿಆರ್‌ಪಿ ನೋಡದೆ ಫೆರಿಟಿನ್ ಓದಲೇಬಾರದು.

"ಜ್ವರ ಪೂರ್ತಿ ಇಳಿಯಲಿ ತಾಯಿ, ಆಮೇಲೆ ಟಾನಿಕ್ ಶುರು ಮಾಡೋಣ" ಎಂದೆ.