ಬೆಳಕಿನ ಗಂಟೆ

ಬೇಡಕಿಹಾಳವು ನಿಪ್ಪಾಣಿ ತಾಲ್ಲೂಕಿನ ಒಂದು ಊರು. ಈ ಸೀಮೆಯು ತಂಬಾಕಿನ ಬೆಳೆಗೆ ಹೆಸರುವಾಸಿ. ಮುಂಗಾರಿನ ಇರುಳಿನಲ್ಲಿ ಬೇಲಿಯ ಮರೆಯಲ್ಲಿ ಮಿನುಗುವ ಮಿಂಚುಹುಳುವನ್ನು ನೀವೆಲ್ಲರೂ ಕಂಡಿರಬಹುದು. ಆ ಹುಳುವಿಗೂ ತಂಬಾಕಿನ ಗಿಡಕ್ಕೂ ಯಾವ ನಂಟೂ ಇಲ್ಲವೆಂದು ತೋರುತ್ತದೆ. ಆದರೆ ವಿಜ್ಞಾನಿಗಳು ಇವೆರಡನ್ನು ಒಂದುಗೂಡಿಸಿದ್ದಾರೆ. ಅದೇಕೆಂದು ತಿಳಿಯೋಣ.

ಜೀವಕೋಶದ ಕೆಲಸಗಳನ್ನು ಬಹುಮಟ್ಟಿಗೆ ನಡೆಸುವವು ಪ್ರೋಟೀನುಗಳು. ಅವುಗಳನ್ನು ತಯಾರಿಸುವ ಸೂಚನೆ ವಂಶವಾಹಿಗಳಲ್ಲಿ ಅಡಗಿದೆ. ಆ ಸೂಚನೆಯಂತೆ ಪ್ರೋಟೀನು ತಯಾರಾಗುವುದಕ್ಕೆ ಅಭಿವ್ಯಕ್ತಿ ಎಂದು ಹೆಸರು. ಕೆಲವು ರೋಗಗಳಲ್ಲಿ ಒಂದು ಪ್ರೋಟೀನು ಮಿತಿಮೀರಿ ತಯಾರಾಗುತ್ತದೆ. ಇನ್ನು ಕೆಲವುಗಳಲ್ಲಿ ತಯಾರಾಗುವುದೇ ಇಲ್ಲ. ಆದುದರಿಂದ ಅದರ ಪ್ರಮಾಣವನ್ನು ಅಳೆಯುವುದು ಅಗತ್ಯ. ಆದರೆ ಬಹುಪಾಲು ಪ್ರೋಟೀನುಗಳಿಗೆ ಬಣ್ಣವಿಲ್ಲ, ಬೆಳಕೂ ಇಲ್ಲ. ಹಾಗಾದರೆ ಅಳೆಯುವುದು ಹೇಗೆ?

ಪೊದೆಗಳ ನಡುವೆ ಮೇಯುವ ಹಸುವು ದನಗಾಹಿಯ ಕಣ್ಣಿಗೆ ಬೀಳದು. ಕೊರಳಿನ ಗಂಟೆಯ ಸದ್ದಿನಿಂದ ಅದರ ಇರವನ್ನು ಅವನು ಅರಿಯುತ್ತಾನೆ. ವಿಜ್ಞಾನಿಗಳೂ ಪ್ರೋಟೀನಿಗೆ ಇಂತಹದೊಂದು ಗಂಟೆಯನ್ನು ಕಟ್ಟುತ್ತಾರೆ. ಸುಲಭವಾಗಿ ಗುರುತಿಸಬಹುದಾದ ಒಂದು ಕಿಣ್ವವೇ ಆ ಗಂಟೆ. ಅದನ್ನು ವರದಿಗಾರ ಕಿಣ್ವವೆಂದು ಕರೆಯಬಹುದು.

ಮಿಂಚುಹುಳುವಿನಲ್ಲಿ ಲೂಸಿಫೆರೇಸ್ ಎಂಬ ಕಿಣ್ವವಿದೆ. ಅದು ಲೂಸಿಫೆರಿನ್ ಎಂಬ ವಸ್ತುವನ್ನು ಆಮ್ಲಜನಕದೊಡನೆ ಸಂಯೋಗಗೊಳಿಸಿದಾಗ ಬೆಳಕು ಹೊಮ್ಮುತ್ತದೆ. 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಕಿಣ್ವದ ವಂಶವಾಹಿಯನ್ನು ತಂಬಾಕಿನ ಗಿಡದಲ್ಲಿ ಸೇರಿಸಿದರು. ಲೂಸಿಫೆರಿನ್ ಬೆರೆಸಿದ ನೀರನ್ನು ಉಣಿಸಿದಾಗ ಗಿಡವು ಮಂದವಾಗಿ ಬೆಳಗಿತು. ಆ ಬೆಳಕು ಫಿಲ್ಮಿನ ಮೇಲೆ ಮೂಡಿತು. ಹುಳುವಿನ ವಂಶವಾಹಿಯು ಗಿಡದಲ್ಲಿಯೂ ಕೆಲಸ ಮಾಡುತ್ತದೆಂಬುದಕ್ಕೆ ಅದೇ ಸಾಕ್ಷಿಯಾಯಿತು.

ಆದರೆ ಎಳೆಗರುವಿನ ಕೊರಳಿಗೆ ಭಾರವಾದ ಗಂಟೆಯನ್ನು ಕಟ್ಟಿದರೆ ಅದು ನಡೆಯಲಾರದು. ಮಿಂಚುಹುಳುವಿನ ಕಿಣ್ವವು 550 ಅಮೈನೊ ಆಮ್ಲಗಳ ದೊಡ್ಡ ಸರಪಳಿ. ಅದನ್ನು ಜೋಡಿಸಿದರೆ ಸಣ್ಣ ಪ್ರೋಟೀನಿನ ಸಹಜ ಕೆಲಸಕ್ಕೆ ಅಡ್ಡಿಯಾಗಬಹುದು. ಆದುದರಿಂದ ವಿಜ್ಞಾನಿಗಳು ಆಳಸಮುದ್ರದ ಒಂದು ಸೀಗಡಿಯ ಕಿಣ್ವವನ್ನು ತಿದ್ದಿ, 171 ಅಮೈನೊ ಆಮ್ಲಗಳ ಹೊಸ ಕಿಣ್ವವನ್ನು ರೂಪಿಸಿ 2012ರಲ್ಲಿ ಪ್ರಕಟಿಸಿದರು. ಅದರ ಬೆಳಕು ಸುಮಾರು 150 ಪಟ್ಟು ಪ್ರಖರ. ತರುವಾಯ ಅದನ್ನೂ ಎರಡು ತುಂಡು ಮಾಡಿದರು. ಕಿರಿಯ ತುಂಡಿನಲ್ಲಿರುವುದು 11 ಅಮೈನೊ ಆಮ್ಲಗಳು ಮಾತ್ರ. ಅದನ್ನಷ್ಟೇ ಪ್ರೋಟೀನಿಗೆ ಕಟ್ಟುತ್ತಾರೆ. ಹಿರಿಯ ತುಂಡನ್ನೂ ಬೇಕಾದ ರಾಸಾಯನಿಕವನ್ನೂ ಬೆರೆಸಿದೊಡನೆ ಎರಡು ತುಂಡುಗಳೂ ಕೂಡಿ ಬೆಳಗುತ್ತವೆ. ಪ್ರೋಟೀನು ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದರೆ ಹಸುವಿದ್ದರೂ ಸದ್ದು ಕೇಳದು. ಹಾಗೆಯೇ ಕೆಲವು ರಾಸಾಯನಿಕಗಳು ಪ್ರೋಟೀನನ್ನು ಮುಟ್ಟದೆ, ಬೆಳಗುವ ಕಿಣ್ವವನ್ನೇ ತಡೆಯುತ್ತವೆ. ಬೆಳಕು ಕುಂದಿದುದನ್ನು ಕಂಡು ರೋಗಕ್ಕೆ ಮದ್ದು ದೊರೆಯಿತೆಂದು ನಂಬಿದರೆ ವರ್ಷಗಳ ಶ್ರಮ ವ್ಯರ್ಥವಾದೀತು. ಆದುದರಿಂದ ಅವರು ಬೇರೊಂದು ಕಿಣ್ವದಿಂದ ಮತ್ತೆ ಪರೀಕ್ಷಿಸುತ್ತಾರೆ. ಸಾಕ್ಷಿಯನ್ನು ಕೇಳುವುದಷ್ಟೇ ಅಲ್ಲ, ಸಾಕ್ಷಿಯನ್ನೇ ಪರೀಕ್ಷಿಸುವುದೂ ವಿಜ್ಞಾನದ ಧರ್ಮ.